ಗಂಟೆ ಕೇಳುವ ಮನೆ

ನಮ್ಮ ಮನೆಯವರು ಇದ್ದ ಕೊನೆಯ ಮುಂಜಾನೆ ವಿಶೇಷ ಏನೂ ನಡೆಯಲಿಲ್ಲ. ರೊಟ್ಟಿ, ಪುಂಡಿಪಲ್ಲೆ. ರೊಟ್ಟಿಯ ಅಂಚು ಸೀದಿದೆ ಎಂದರು. ಸೀದಿಲ್ಲ ಎಂದೆ. (ಸೀದಿತ್ತು.) ಎರಡನೆಯ ರೊಟ್ಟಿಯ ತುತ್ತು ಬಾಯಿಗಿಡುವಾಗ ಗಂಟಲಿಗೆ ಏನೋ ಸಿಕ್ಕಿ ಕೆಮ್ಮಿದರು. ನಾನು ಒಲೆಯ ಮುಂದಿನಿಂದ ಥಟ್ಟನೆ ಎದ್ದು ನಿಂತೆ, ಎರಡೂ ಕೈ ಹಿಟ್ಟಾಗಿದ್ದವು.

ಅವರಿಗೆ ಕೆಮ್ಮು ನಿಂತು ನಗು ಶುರುವಾಯಿತು.

"ಕುಂದ್ರ ಗದಿಗೆವ್ವಾ, ಗಂಟಿ ಹೊಡದಿಲ್ಲ."

"ಕೆಮ್ಮೂದಿದ್ರ ಮೊದ್ಲ ಹೇಳಿ ಕೆಮ್ರಿ" ಎಂದೆ.

ನೀರು ಕುಡಿದರು. ಕೈಚೀಲ ತಗೊಂಡರು. "ಸಂಜೀಕ ಬರ್ತೀನಿ" ಎಂದು ಬಸ್ಸಿಗೆ ಹೋದರು. ಅಷ್ಟೇ. ನೆನಪಿಟ್ಟುಕೊಳ್ಳುವಂಥ ಮಾತು ಇಬ್ಬರೂ ಆಡಲಿಲ್ಲ. ಗೊತ್ತಿದ್ದರೆ ರೊಟ್ಟಿ ಸೀದದ್ದನ್ನು ಒಪ್ಪಿಕೊಳ್ಳುತ್ತಿದ್ದೆ.

ಗಂಡ ಕೆಮ್ಮಿದರೆ ಹೆಂಡತಿ ಎದ್ದು ನಿಲ್ಲುವ ಮನೆ ಎಲ್ಲಾದರೂ ಇದೆಯೇ ಎಂದು ನೀವು ಕೇಳಬಹುದು. ರಾಣೆಬೆನ್ನೂರಿನಲ್ಲಿ ಇತ್ತು, ನಮ್ಮದೇ. ಒಂದನೆತ್ತೆಯ, ಅಂದರೆ ಒಂದನೆಯ ತರಗತಿಯ, ಒಂದು ಸೀಟಿನಿಂದ ಹತ್ತಿದ ಚಟ ಅದು. ಹೇಳುತ್ತೇನೆ.

ಮೊದಲು ನಾವು ಬ್ಯಾಡಗಿಯಲ್ಲಿದ್ದೆವು. ನಮ್ಮವರು ಕೊಟ್ರಪ್ಪನವರ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ತೂಕ ಹಿಡಿಯುತ್ತಿದ್ದರು. ಬ್ಯಾಡಗಿಯವರು ಕೆಮ್ಮುವುದಿಲ್ಲ. ಹೊರಗಿನಿಂದ ಬಂದವರು ಬಸ್ಸು ಇಳಿಯುವಾಗಲೇ ಶುರು ಮಾಡುತ್ತಾರೆ. ನಾವು ಅದೇ ಗಾಳಿಯಲ್ಲಿ ಉಣ್ಣುತ್ತೇವೆ, ಅದೇ ಗಾಳಿಯಲ್ಲಿ ಮಲಗುತ್ತೇವೆ. ಮದುವೆಯಾಗಿ ಎಂಟು ವರ್ಷ ಅವರು ಒಮ್ಮೆಯೂ ಕೆಮ್ಮಿದ್ದನ್ನು ನಾನು ಕೇಳಿರಲಿಲ್ಲ. (ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.)

ಮಗಳು ಸ್ನೇಹಾಗೆ ಐದು ತುಂಬಿ ಆರರಲ್ಲಿ ಬಿದ್ದಾಗ ಅವರಿಗೆ ಒಂದು ವಿಚಾರ ಹೊಳೆಯಿತು. ಕಾರಣ ಕೊಟ್ರಪ್ಪನವರ ಮೊಮ್ಮಗ. ರಾಣೆಬೆನ್ನೂರಿನಿಂದ ರಜೆಗೆ ಬಂದಿದ್ದ ಎರಡನೆತ್ತೆಯ ಹುಡುಗ. ಅಜ್ಜ ತಿಂದ ಮಿರ್ಚಿಯ ಕಾಗದ ಬಿಡಿಸಿ, ಅದರಲ್ಲಿದ್ದ ಸುದ್ದಿಯನ್ನು ಒಂದೇ ಉಸಿರಿಗೆ ಓದಿದನಂತೆ. ಬೆರಳಿಡದೆ. ನಮ್ಮವರು ಮೂರನೆತ್ತೆ, ನಾನು ನಾಲ್ಕು. ಇಬ್ಬರೂ ಅಕ್ಷರದ ಕೆಳಗೆ ಬೆರಳಿಟ್ಟು ದಾರಿ ಹುಡುಕುತ್ತ ಹೋಗುವವರು. ಲಗ್ನಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಲಗ್ನವೇ ಮುಗಿದಿರುತ್ತಿತ್ತು.

"ಸ್ನೇಹಾ ಬೆರಳಿಡದ ಓದಬೇಕು" ಎಂದರು ಮನೆಗೆ ಬಂದು. "ಆ ಹುಡುಗನ ಸಾಲಿ ರಾಣೆಬೆನ್ನೂರಾಗ ಐತಿ. ನಾವೂ ಅಲ್ಲಿಗೇ ಹೋಗೂದು."

ಸುದ್ದಿ ಕೇಳಿ ಅವರ ಅಕ್ಕ ಉಚ್ಚಂಗೆವ್ವ ಹಾವೇರಿಯಿಂದ ಮರುದಿನದ ಬಸ್ಸಿಗೇ ಬಂದಳು. ಚಪ್ಪಲಿ ಬಿಡುವ ಮೊದಲೇ ಮಹಾಸಭೆ ಆರಂಭವಾಯಿತು.

"ಹಾವೇರಿ ಅಂದ್ರ ಜಿಲ್ಲಾ! ಜಿಲ್ಲಾ ಬಿಟ್ಟು ತಾಲೂಕಿಗೆ ಹೊಂಟಾನಂತ! ಲೇ ವಿರುಪಾಕ್ಷಿ, ಮ್ಯಾಲೆ ಹತ್ತೂದು ಯಾವ ಕಡೆ ಅಂತ ನಿನಗ ಗೊತ್ತಿಲ್ಲೇನು?"

"ಯಕ್ಕಾ, ಸಾಲಿ ನೋಡೂದು. ಊರು ಅಲ್ಲ."

"ಹಾವೇರ್ಯಾಗ ಸಾಲಿ ಇಲ್ಲೇನು? ನಮ್ಮನಿ ಮ್ಯಾಲಿನ ಖೋಲಿ ಖಾಲಿ ಬಿದ್ದೈತಿ. ಬಂದಿರ್ರಿ."

"ನಿಮ್ಮ ಖೋಲ್ಯಾಗ ಬಂದ್ರ ಹುಡುಗಿ ಓದೂದಿಲ್ಲಕ್ಕಾ, ನಿನ್ನ ಮಾತು ಕೇಳಕೋತ ಕುಂದರತೈತಿ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬ್ಯಾಡಗಿಯಲ್ಲೇ ಇರೋಣ ಎನ್ನುತ್ತಿದ್ದೆ. ನಳ ಮನೆ ಮುಂದೇ ಇತ್ತು.

ಆ ಶಾಲೆ ಸಣ್ಣದು. ನಾಲ್ಕನೆತ್ತೆಯವರೆಗೆ ಮಾತ್ರ. ಪರೀಕ್ಷೆ ಇಲ್ಲ, ಡೊನೇಶನ್ ಇಲ್ಲ. ಇದ್ದದ್ದು ಒಂದೇ ನೇಮ. ಶಾಲೆಯ ಗಂಟೆ ಕೇಳುವ ಮನೆಯಲ್ಲಿ ಇರುವ ಮಕ್ಕಳಿಗೆ ಮಾತ್ರ ಸೀಟು. ಮಧ್ಯಾಹ್ನ ಮಕ್ಕಳು ಮನೆಗೆ ಹೋಗಿ ಉಂಡು ಬರಬೇಕು. ಗಂಟೆ ಬಾರಿಸಿದರೆ ತಾಯಿ ಬಂದು ಕರಕೊಂಡು ಹೋಗಬೇಕು. ಹಿಂದೆ ಯಾವುದೋ ಕೂಸು ಕರೆಯುವವರಿಲ್ಲದೆ ಸಂಜೆಯವರೆಗೆ ಗೇಟಿನಲ್ಲಿ ಹಸಿದು ನಿಂತಿತ್ತಂತೆ. ಅಂದಿನಿಂದ ಶಾಲೆಯ ಮುಖ್ಯ ಟೀಚರು, ದೊಡ್ಡ ಅಕ್ಕೋರು ಪದ್ಮಜಾಬಾಯಿ ಈ ಕಾನೂನು ತಂದಿದ್ದರು. ಗಂಟೆ ಎಂದರೆ ಖರೇ ಗಂಟೆಯಲ್ಲ. ಬೇವಿನ ಮರಕ್ಕೆ ತೂಗಬಿಟ್ಟ ರೈಲು ಹಳಿಯ ತುಂಡು. ಅದನ್ನು ಶಾಲೆಯ ಸಿಪಾಯಿ ಶಮಶೇರಸಾಬರು ಕಬ್ಬಿಣದ ಸಲಾಕೆಯಿಂದ ಬಡಿಯುತ್ತಿದ್ದರು. ಇಪ್ಪತ್ತೆಂಟು ವರ್ಷ ಬಡಿದು ಅವರ ಒಂದು ಕಿವಿ ಹೋಗಿತ್ತು.

ಸೀಟು ಬೇಡಿದವರ ಮನೆಗೆ ಶಮಶೇರಸಾಬರೇ ಬಂದು ಕೂರುತ್ತಾರೆ. ವೇಳೆಯಲ್ಲದ ವೇಳೆಗೆ ಶಾಲೆಯಲ್ಲಿ ಅಕ್ಕೋರು ಗಂಟೆ ಬಾರಿಸುತ್ತಾರೆ. ಸಾಬರ ಕಿವಿಯನ್ನು ನಂಬುವ ಹಾಗಿರಲಿಲ್ಲ, ಅದಕ್ಕೆ ಅವರು ತಾಯಿಯನ್ನು ನೋಡುತ್ತಾರೆ. ತಾಯಿ ಎದ್ದು ಶಾಲೆಯ ಕಡೆ ಹೊರಟರೆ ಸೀಟು. ಕೂತೇ ಇದ್ದರೆ ಇಲ್ಲ. ಅಂದರೆ ಮಗಳ ಸೀಟಿಗೆ ಪರೀಕ್ಷೆ ನನಗೆ.

ಶಾಲೆಯ ಓಣಿಯಲ್ಲಿ ಮನೆ ಸಿಗುವುದು ಕನಸು. ಅಲ್ಲಿ ಒಂದು ಮನೆ ಖಾಲಿಯಾಗಬೇಕಾದರೆ ಒಂದು ಮಗು ನಾಲ್ಕನೆತ್ತೆ ಪಾಸಾಗಬೇಕು. ನಮ್ಮವರು ಹಿಂದಿನ ಓಣಿಗಳಲ್ಲಿ ಹುಡುಕಿದರು. ಕೊಟ್ರಪ್ಪನವರ ಅಂಗಡಿ ಅಮಾವಾಸ್ಯೆಗೆ ಬಂದ್ ಇರುತ್ತಿದ್ದದ್ದರಿಂದ ಅವರಿಗೆ ಬಿಡುವು ಅಂದೇ.

"ಅಮಾಸಿ ದಿನ ಮನಿ ನೋಡಬ್ಯಾಡ್ರಿ" ಎಂದೆ.

"ನೋಡಾಕ ಹೊಂಟೇನಿ. ಹಾಲು ಉಕ್ಕಸಾಕ ಅಲ್ಲ."

ನೋಡಿ ಬಂದರು. ಸಂತೋಷವೋ ಸಂತೋಷ. ಮೂರನೆಯ ಓಣಿ, ಸಿದ್ದಲಿಂಗಪ್ಪನವರ ಮನೆ. ಪಡಸಾಲೆಯಲ್ಲಿ ನಿಂತು ಗೋಡೆಗೆ ಕಿವಿ ಹಚ್ಚಿ ಕೇಳಿದರಂತೆ, ಅಡುಗೆ ಮನೆಯಲ್ಲಿ ಕೇಳಿದರಂತೆ, ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಕೇಳಿದರಂತೆ. ಗಂಟೆ ಎಲ್ಲ ಕಡೆ ಸ್ಪಷ್ಟ. ಬಾಡಿಗೆಯನ್ನೂ ಚೌಕಾಶಿ ಮಾಡದೆ ಒಪ್ಪಿ ಬಂದಿದ್ದರು.

ಒಂದು ಒಳ್ಳೆಯ ದಿನ ನೋಡಿ ಸಾಮಾನು ತಂದಿಳಿಸಿದೆವು. ನಮ್ಮವರು ದಿನಾ ಬಸ್ಸಿನಲ್ಲಿ ಬ್ಯಾಡಗಿಯ ಅಂಗಡಿಗೆ ಹೋಗಿ ಬರುವುದೆಂದಾಯಿತು. ಮರುದಿನ ಮುಂಜಾನೆ ಎಂಟಕ್ಕೆ ಮಗ್ಗುಲ ಗೋಡೆಯಾಚೆ ಡಬಡಬ ಎಂದು ಶುರುವಾಯಿತು. ತಾಟುಗಳು ಅಲುಗಿದವು. ಸ್ನೇಹಾ ಬಾಯಿ ತೆರೆದು ಏನೋ ಅಂದಳು. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ.

ಗಿರಣಿ. ಜೋಳ, ಗೋಧಿ, ಮಧ್ಯಾಹ್ನ ಖಾರದ ಪುಡಿ. ನಡೆಸುವವರು ಮನೆಯ ಮಾಲಕ ಸಿದ್ದಲಿಂಗಪ್ಪನವರೇ.

"ನಾ ಬಂದ ದಿನಾ ಇದು ಇದ್ದಿದ್ದಿಲ್ಲಲ್ರಿ?" ಎಂದು ನಮ್ಮವರು ಕೂಗಿ ಕೇಳಿದರು.

"ನೀವು ಬಂದದ್ದು ಅಮಾಸಿ ದಿನಾ ಅಲ್ಲೇನ್ರಿ? ಅಮಾಸಿಗೆ ಮಿಷಿನ್ನಿಗೆ ಪೂಜಾ. ಬಂದ್!"

"ಹೇಳಬೇಕಿಲ್ಲೇನ್ರಿ?"

"ನೀವು ಬಚ್ಚಲದಾಗ ಬಾಗಲಾ ಹಾಕ್ಕೊಂಡು ಕುಂತಿದ್ರಿ. ಯಾವಾಗ ಹೇಳಲಿ?"

ನಾನು ಏನೂ ಅನ್ನಲಿಲ್ಲ. ಎರಡು ದಿನ ಏನೂ ಅನ್ನಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ. ಮೂರನೆಯ ದಿನ ಅವರೇ ಕೈಮುಗಿದರು, "ಬೈದು ಬಿಡ ಒಮ್ಮೆ."

ಪರೀಕ್ಷೆಯ ದಿನ ಗಿರಣಿ ಒಂದು ಗಳಿಗೆ ನಿಲ್ಲಿಸಿರೆಂದು ಕೇಳಿದೆವು. ಎಷ್ಟೊತ್ತಿಗೆ ಎಂದರು ಸಿದ್ದಲಿಂಗಪ್ಪ. ಗೊತ್ತಿಲ್ಲ ಎಂದೆವು. ಜೋಳದ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಪಾಳಿ ತೋರಿಸಿದರು. ತಿರುಗಿ ಬಂದೆವು.

ಆಗ ನಮ್ಮವರು ತಮ್ಮ ಮಹಾಯೋಜನೆ ಹೊರತೆಗೆದರು. ಓಣಿಯ ತುದಿಗೆ ನಿಂತರೆ ಗಂಟೆ ಸಣ್ಣಗೆ ಕೇಳುತ್ತಿತ್ತು. ಸಾಬರು ಬಂದು ಕೂತ ಮೇಲೆ ಇವರು ಎಲಿ ಅಡಿಕಿ ತರುವ ನೆಪ ಹೇಳಿ ಅಲ್ಲಿ ಹೋಗಿ ನಿಲ್ಲುವುದು. ಗಂಟೆ ಕೇಳಿದೊಡನೆ ನಮ್ಮ ಕಿಟಕಿಗೆ ಓಡಿ ಬಂದು ಕೆಮ್ಮುವುದು. ನಾನು ಏಳುವುದು.

"ಕೆಮ್ಮೂದ ಯಾಕ? ಕರೀರಿ" ಎಂದೆ.

"ಕರದ್ರ ಸಾಬರಿಗೆ ಗೊತ್ತಾಗತೈತಿ. ಕೆಮ್ಮಿಗೆ ಯಾರು ಸಂಶಯ ಪಡ್ತಾರ? ನಾ ಎಂದೂ ಕೆಮ್ಮೂದಿಲ್ಲ. ಕೆಮ್ಮು ಕೇಳಿಸ್ತು ಅಂದ್ರ ಅದು ಗಂಟೀನ. ನಿನಗ ಗೊಂದಲಾ ಆಗೂದಿಲ್ಲ."

ನಾನು ಒಪ್ಪಿದೆ. ಹೆಡ್ಡತನದಲ್ಲಿ ಅರ್ಧ ನನ್ನದು.

ಒಂದು ಗುರುವಾರ ಶಮಶೇರಸಾಬರು ಬಂದರು. ಬಿಳಿ ಗಡ್ಡ, ಕಂಕುಳಲ್ಲಿ ದೊಡ್ಡ ಪುಸ್ತಕ. ಚಾಪೆಯ ಮೇಲೆ ಕೂತರು. ನಮ್ಮವರು ಎಲಿ ಅಡಿಕಿಗೆ ಹೋದರು. ನಾನು ಸಾಬರಿಗೆ ಬೆನ್ನು ಮಾಡಿ ಮಂಡಕ್ಕಿ ಒಗ್ಗರಣೆಗೆ ಕೂತೆ. ಸ್ನೇಹಾ ಹೊಸ್ತಿಲ ಮೇಲೆ ಕೂತಿದ್ದಳು.

ಅದೇ ಹೊತ್ತಿಗೆ ಗಿರಣಿಯವರು ಖಾರ ಹಾಕಿದರು.

ನಮಗೆ ಏನೂ ಆಗಲಿಲ್ಲ, ನಾವು ಬ್ಯಾಡಗಿಯವರು. ಸಾಬರು ಬ್ಯಾಡಗಿಯವರಲ್ಲ. ಕೆಮ್ಮಿದರು.

ನಾನು ಎದ್ದೆ. "ಗಂಟಿ ಆತ್ರಿ" ಎಂದು ಸೆರಗು ಸರಿಮಾಡಿಕೊಂಡೆ.

"ಹೌದೇನ್ರಿ ತಂಗಿ? ಈಗ ಬಂದು ಕುಂತೇನಿ, ಇಷ್ಟ ಲಗೂ ಹೊಡೆಯಂಗಿಲ್ಲಲ್ಲ ಅಕ್ಕೋರು" ಎಂದು ಅವರು ಕಣ್ಣೊರೆಸಿಕೊಂಡರು.

ಕೂತೆ. ಮತ್ತೆ ಕೆಮ್ಮು. ಎದ್ದೆ. ಕೂತೆ. ಗಿರಣಿಯ ಸದ್ದಿನಲ್ಲಿ ಯಾವ ಕೆಮ್ಮು ಯಾರದೋ. ಮತ್ತೆ ಎದ್ದೆ. ನಾಲ್ಕನೆಯ ಸಲ ಎದ್ದಾಗ ಸಾಬರು ಕೈ ಅಡ್ಡ ಹಿಡಿದರು.

"ಯವ್ವಾ ತಂಗಿ, ಮಣಕಾಲಿಗೆ ಏನರ ಆಗೇತೇನ್ರಿ? ಕುಂದ್ರಾಕ ಬರೂದಿಲ್ಲೇನ್ರಿ?"

ನನಗೆ ನಾಚಿಕೆಯಾಯಿತು. ಇನ್ನು ಯಾರು ಕೆಮ್ಮಿದರೂ ಏಳಬಾರದು ಎಂದು ಗಟ್ಟಿಯಾಗಿ ಕೂತೆ. ಕೆಮ್ಮು ಬಂತು. ಏಳಲಿಲ್ಲ. ಇನ್ನೊಂದು ಬಂತು. ಏಳಲಿಲ್ಲ. ಮೂರನೆಯದು ಕೆಮ್ಮಲ್ಲ, ಗೂಳಿ ಗುಟುರು ಹಾಕಿದ ಹಾಗೆ ಇತ್ತು. ನಾನು ಸಾಸಿವೆಯನ್ನೇ ನೋಡುತ್ತ ಕೂತೆ.

"ಅವ್ವಾ, ಏಳ!" ಎಂದು ಸ್ನೇಹಾ ಹೊಸ್ತಿಲಿಂದ ಚೀರಿದಳು. "ಅಪ್ಪ ಕೆಮ್ಮಾಕತ್ತಾನ! ಆವಾಗಿಂದ ಕೆಮ್ಮಾಕತ್ತಾನ!"

ಎದ್ದೆ. ಮಂಡಕ್ಕಿ ಪಾತ್ರೆ ಉರುಳಿತು. ಸೌಟು ಕೈಯಲ್ಲೇ ಇತ್ತು, ಹಿಡಿದುಕೊಂಡೇ ಓಡಿದೆ. ಕಿಟಕಿಯ ಕೆಳಗೆ ನಮ್ಮವರು ಗಂಟಲು ಹಿಡಿದುಕೊಂಡು ಕೂತಿದ್ದರು, ಕಣ್ಣು ಕೆಂಪಾಗಿ.

"ಈಗ ಎದ್ದ್ಯಾ?" ಎಂದರು. ಧ್ವನಿಯೇ ಇರಲಿಲ್ಲ.

ತಿರುಗಿ ಬಂದಾಗ ಸಾಬರು ಪುಸ್ತಕದಲ್ಲಿ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದರು. ಸಾವಕಾಶ, ನಾಲ್ಕೈದು ಸಾಲು. ಸಹಿ ಮಾಡ್ರಿ ಎಂದರು. ಮಾಡಿದೆ. ಓದಲಿಲ್ಲ. ಬೆರಳಿಟ್ಟು ಓದುತ್ತ ಕೂತರೆ ಉಳಿದ ಮಂಡಕ್ಕಿಯೂ ಮೆತ್ತಗಾಗುತ್ತಿತ್ತು. ಸಾಬರು ಅದನ್ನೇ ತಿಂದು ಹೋದರು. ಹೋಗುವಾಗ ನಮ್ಮವರ ಬೆನ್ನು ತಟ್ಟಿ, "ಜೇನು ನೆಕ್ಕರಿ" ಎಂದರು.

ಎಂಟು ದಿನಕ್ಕೆ ಸ್ನೇಹಾಳ ಹೆಸರು ಪಟ್ಟಿಯಲ್ಲಿ ಬಂತು. ನಮ್ಮವರು ಬ್ಯಾಡಗಿಯಿಂದ ಪೇಡೆ ತಂದು ಸಿದ್ದಲಿಂಗಪ್ಪನವರಿಗೂ ಕೊಟ್ಟರು.

ಸೀಟು ಸಿಕ್ಕಿತು. ಆದರೆ ಗಂಟೆ ಕೇಳಬೇಕಲ್ಲ, ದಿನಾ? ಕೇಳುತ್ತಿರಲಿಲ್ಲ. ಒಂದು ದಿನ ತಡವಾದರೂ ಗುಟ್ಟು ಹೊರಬೀಳುತ್ತದೆ, ಸೀಟು ಹೋಗುತ್ತದೆ. ಅದಕ್ಕೆ ಜೂನ್ ತಿಂಗಳಿಂದ ನಾನು ಹನ್ನೊಂದೂವರೆಗೇ ಅಡುಗೆ ಮುಗಿಸಿ, ಸೋಸುವ ಸೊಪ್ಪು ಉಡಿಯಲ್ಲಿ ಕಟ್ಟಿಕೊಂಡು, ಶಾಲೆಯ ಕಂಪೌಂಡಿನ ಹಿಂದೆ ಹೋಗಿ ಕೂರುತ್ತಿದ್ದೆ. ಹನ್ನೆರಡೂವರೆಗೆ ಸಾಬರು ಬಾರಿಸುತ್ತಿದ್ದರು. ಆಗ ತಟ್ಟನೆ ಹೋದರೆ ಸಂಶಯ ಬರುತ್ತದೆ. ಮನೆಯಿಂದ ನಡೆದು ಬರುವಷ್ಟು ಹೊತ್ತು ಬೇಕು. ಗೋಡೆಯ ಹಿಂದೆಯೇ ನಿಂತು ಐವತ್ತರವರೆಗೆ ಎಣಿಸಿ, ಆಮೇಲೆ ಏದುಸಿರು ಬಿಡುತ್ತ ಗೇಟಿಗೆ ಬರುತ್ತಿದ್ದೆ. ಎರಡು ವರ್ಷದ ಮೇಲಾಯಿತು, ಒಂದು ದಿನ ತಪ್ಪಿಸಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ಓದಿದವರ ಕಣ್ಣಿಗೆ ಮಣ್ಣು ಹಾಕಿದೆನಲ್ಲ ಎಂದು ಒಳಗೊಳಗೇ ಹೆಮ್ಮೆ.

ಮನೆಯಲ್ಲಿ ನಮ್ಮವರಿಗೆ ಆ ಕೆಮ್ಮು ಆಟವಾಯಿತು. ಅಂದು ಎದ್ದು ಎದ್ದು ನನ್ನ ಕಾಲಿಗೆ ರೂಢಿಯಾಗಿತ್ತು. ಚಹಾ ಬೇಕಾದರೆ ಕೆಮ್ಮುವರು. ಲುಂಗಿ ಸಿಗದಿದ್ದರೆ ಕೆಮ್ಮುವರು. ನಾನು ಏಳುವೆ, ಎದ್ದ ಮೇಲೆ ನೆನಪಾಗಿ ಬೈಯುವೆ. ಅವರು ನಗುವರು.

ಕೊನೆಯ ದಿನವೂ ನಾನು ಕಂಪೌಂಡಿನ ಹಿಂದೆಯೇ ಇದ್ದೆ. ಗಂಟೆ ಬಾರಿಸಿ ಎಣಿಸಲು ಹತ್ತಿದ್ದೆ. ಮೂವತ್ತೆರಡಕ್ಕೆ ಸಿದ್ದಲಿಂಗಪ್ಪನವರು ಮೈಯೆಲ್ಲ ಹಿಟ್ಟಿನಲ್ಲೇ ನನ್ನನ್ನು ಹುಡುಕಿಕೊಂಡು ಬಂದರು. ಬ್ಯಾಡಗಿಯ ಅಂಗಡಿಯಿಂದ ಗಿರಣಿಗೆ ಫೋನು ಬಂದಿತ್ತು. ತೂಕ ಹಿಡಿದಿದ್ದವರು ಎದೆ ಎಂದು ಚೀಲಕ್ಕೆ ಒರಗಿ ಕೂತರಂತೆ. ಮತ್ತೆ ಏಳಲಿಲ್ಲ.

ಮೂವತ್ತೆರಡರ ಮುಂದೆ ನಾನು ಎಣಿಸಿಲ್ಲ.

ತಿಂಗಳಾದ ಮೇಲೆ ಉಚ್ಚಂಗೆವ್ವ ಮತ್ತೆ ಬಂದಳು. ಈ ಸಲ ಚಪ್ಪಲಿ ಬಿಟ್ಟು ಬಂದಳು, ಮೆತ್ತಗೆ ಮಾತಾಡಿದಳು.

"ಗದಿಗೆವ್ವಾ, ಮ್ಯಾಲಿನ ಖೋಲಿ ಇನ್ನೂ ಖಾಲಿ ಐತಿ. ಒಬ್ಬಾಕಿ ಈ ಗಿರಣಿ ಮಗ್ಗಲದಾಗ ಹೆಂಗ ಇರ್ತಿ? ಏನು ದುಡೀತಿ?"

ಹಾವೇರಿಗೆ ಹೋದರೆ ಈ ಶಾಲೆ ಹೋಯಿತು. ಇಲ್ಲೇ ಇದ್ದರೆ ಹೊಟ್ಟೆಗೇನು? ಸ್ನೇಹಾ ಮೂರನೆತ್ತೆಯಲ್ಲಿದ್ದಳು. ಅವರಪ್ಪ ಬೇಡಿದ್ದು ಒಂದೇ. ಆಕೆ ಈಗ ಬೆರಳಿಡದೆ ಓದುತ್ತಾಳೋ ಇಲ್ಲವೋ ನಾನು ನೋಡಿರಲೇ ಇಲ್ಲ. ಮನೆಯಲ್ಲಿ ಗಿರಣಿ ಸದ್ದು ಎಂದು ಓದುವುದನ್ನೆಲ್ಲ ಶಾಲೆಯಲ್ಲೇ ಮುಗಿಸಿ ಬರುತ್ತಿದ್ದಳು.

ಕೊನೆಗೆ ಹಾವೇರಿಗೇ ಎಂದಾಯಿತು; ಶಾಲೆಯಿಂದ ಸ್ನೇಹಾಳ ದಾಖಲೆ, ಅಂದರೆ ಟೀಸಿ, ಬಿಡಿಸಿಕೊಳ್ಳಲು ಮೂವರೂ ಹೋದೆವು. ಪದ್ಮಜಾ ಅಕ್ಕೋರು ಕುರ್ಚಿ ಕೊಟ್ಟರು. ಬಾಗಿಲಲ್ಲಿ ಶಮಶೇರಸಾಬರು ನಿಂತಿದ್ದರು. ಹೋಗುವಾಗಲಾದರೂ ಖರೇ ಹೇಳಿ ಹೋಗಬೇಕು ಅನಿಸಿತು. ಸುಳ್ಳಿಗೆ ಜೊತೆಯಿದ್ದವರು ಹೋದ ಮೇಲೆ ಅದನ್ನು ಒಬ್ಬಳೇ ಹೊರುವುದು ಕಷ್ಟ.

"ಅಕ್ಕೋರ, ಒಂದು ಮಾತೈತ್ರಿ. ನಮ್ಮನಿಗೆ ಗಂಟಿ ಕೇಳಸೂದಿಲ್ರಿ. ಎಂದೂ ಕೇಳಸಿಲ್ಲ. ಸುಳ್ಳು ಹೇಳಿ ಸೀಟ್ ತಗೊಂಡೀವಿ."

ಅಕ್ಕೋರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಕಪಾಟಿನಿಂದ ಆ ದೊಡ್ಡ ಪುಸ್ತಕ ತೆಗೆದು ಹಾಳೆ ತಿರುಗಿಸಿದರು. "ಸ್ನೇಹಾ, ಇಲ್ಲಿ ಬಾ. ಇದನ್ನ ದೊಡ್ಡ ದನಿಯೊಳಗ ಓದು."

ಸ್ನೇಹಾ ಕೈ ಹಿಂದೆ ಕಟ್ಟಿಕೊಂಡು ನಿಂತು ಓದಿದಳು:

"ಈ ಮನೆಗೆ ಗಂಟೆ ಕೇಳುವುದಿಲ್ಲ. ತಾಯಿ ಗಂಡನ ಕೆಮ್ಮಿಗೆ ಏಳುವ ಯೋಜನೆ ಇದೆ. ನನ್ನ ಕೆಮ್ಮಿಗೂ ನಾಲ್ಕು ಸಲ ಎದ್ದರು. ಗಂಡ ಕೆಮ್ಮಿದಾಗ ಏಳಲಿಲ್ಲ. ಕೂಸು ಎಬ್ಬಿಸಿತು. ಸೌಟು ಹಿಡಿದು ಓಡಿದರು. ಇಂಥವರು ಮಗುವನ್ನು ಹಸಿವೆಯಲ್ಲಿ ನಿಲ್ಲಿಸುವವರಲ್ಲ. ಸೇರಿಸಿಕೊಳ್ಳಬಹುದು."

ಕೈ ಹಿಂದೆಯೇ ಇತ್ತು. ಬೆರಳಿಡಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಏನು ಓದಿದಳು ಎನ್ನುವುದು ಆಮೇಲೆ ತಲೆಗೆ ಹೋಯಿತು. ಕೆಳಗೆ ನನ್ನದೇ ಸಹಿ.

"ಹಂಗಾದ್ರ ಎಲ್ಲಾ ಗೊತ್ತಿತ್ತೇನ್ರಿ?" ಎಂದೆ.

"ಮೊದಲನೇ ದಿನದಿಂದ" ಎಂದರು ಅಕ್ಕೋರು. "ನೀವು ಕಂಪೌಂಡಿನ ಹಿಂದ ಕೂಡೂದೂ ಗೊತ್ತದ."

"ಮತ್ತ ನಾ ಎಣಸೂದು?"

ಅಕ್ಕೋರು ಸಾಬರ ಕಡೆ ಬೆರಳು ಮಡಚಿ ಎಣಿಸುವ ಸನ್ನೆ ಮಾಡಿದರು. ಸಾಬರು ಬಾಗಿಲಲ್ಲೇ ಗಡ್ಡ ತುರಿಸಿಕೊಂಡರು. "ನೀವು ಬರೂ ತನಕ ನಾ ಗೇಟು ತಗೀತಿದ್ದಿಲ್ರಿ ತಂಗಿ. ಪಾಪ, ಎಣಸಾಕತ್ತಾರ, ಮುಗೀಲಿ ಅಂತ. ಎರಡು ವರ್ಷದಿಂದ ಇಡೀ ಸಾಲಿ ಐವತ್ತು ಎಣಸೂವಷ್ಟು ತಡಾ ಮಾಡಿ ಉಣ್ಣಾಕತ್ತೇತ್ರಿ."

ಉಚ್ಚಂಗೆವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ತಮ್ಮ ಹೋದ ಮೇಲೆ ಮೊದಲನೆಯ ಸಲ. ನನಗೂ ಬಂತು. ತಡೆಯಲಿಲ್ಲ.

"ದಾಖಲೆ ಕೊಡೂದಿಲ್ಲ" ಎಂದರು ಅಕ್ಕೋರು, ಪುಸ್ತಕ ಮುಚ್ಚಿ. "ಸಾಬರು ಮುಂದಿನ ತಿಂಗಳು ಕೆಲಸಾ ಬಿಡ್ತಾರ. ಇನ್ನೊಂದು ಕಿವೀನೂ ಹೋಗೇದ. ಬಾರಿಸಿದ್ದು ತಮಗ ಕೇಳಸೂದಿಲ್ಲಂತ ಮತ್ತೊಮ್ಮೆ ಬಾರಸ್ತಾರ. ಮೊನ್ನೆ ಹುಡುಗರು ಎರಡು ಸಲ ಊಟಕ್ಕ ಹೋಗಿ ಬಂದ್ರು. ನೀವು ಬಾರಸ್ರಿ. ಪಗಾರ ಸಣ್ಣದು, ತಿಂಗಳಾ ತಪ್ಪೂದಿಲ್ಲ."

"ನನಗ ಗಂಟೀನ ಕೇಳಸೂದಿಲ್ಲಲ್ರಿ ಅಕ್ಕೋರ!"

"ಮರದ ಬುಡಕ ನಿಂತ್ರ ಕೇಳಸ್ತದ" ಎಂದರು.

ಉಚ್ಚಂಗೆವ್ವ ಸಂಜೆಯ ಬಸ್ಸಿಗೆ ಒಬ್ಬಳೇ ಹಾವೇರಿಗೆ ಹೋದಳು. ಹೋಗುವಾಗ, "ನಾಲ್ಕನೆತ್ತೆ ಮುಗದ ಮ್ಯಾಲೆ ನೋಡೂನು. ಖೋಲಿ ಎಲ್ಲೂ ಓಡಿ ಹೋಗೂದಿಲ್ಲ" ಎಂದಳು. ಸ್ನೇಹಾ ನಾಲ್ಕು ಮುಗಿಸಿ ದೊಡ್ಡ ಶಾಲೆಗೆ ಹೋದಳು. ಖೋಲಿ ಇನ್ನೂ ಖಾಲಿಯಿದೆ. ನಾವು ಇನ್ನೂ ಗಿರಣಿಯ ಮಗ್ಗುಲಲ್ಲೇ ಇದ್ದೇವೆ.

ಮುಂಜಾನೆ ಒಂಬತ್ತೂವರೆಗೆ ಬೇವಿನ ಬುಡ ಗುಡಿಸುತ್ತೇನೆ. ಹಳಿಯ ತುಂಡನ್ನು ಸೆರಗಿನಿಂದ ಒರೆಸುತ್ತೇನೆ. ಸಲಾಕೆ ಎತ್ತಿಕೊಂಡು ಒಮ್ಮೆ ಕೆಮ್ಮುತ್ತೇನೆ. ಅಂಗಳದಲ್ಲಿ ಕೂತ ಮಕ್ಕಳೆಲ್ಲ ಎದ್ದು ನಿಲ್ಲುತ್ತಾರೆ. ಆಮೇಲೆ ಬಾರಿಸುತ್ತೇನೆ.